ರಾಹುಕಾಲದಲ್ಲಿ ಹುಟ್ಟಿದ ಸರ್ವರ್

ಕಚೇರಿಯಲ್ಲಿ ಅಧೀಕ್ಷಕನ ಕುರ್ಚಿಗೇರಿದ ಮನುಷ್ಯನಿಗೆ ಒಂದು ದಿವ್ಯಜ್ಞಾನ ತಾನಾಗಿಯೇ ಪ್ರಾಪ್ತವಾಗುತ್ತದೆ. ಜಗತ್ತಿನಲ್ಲಿ ವ್ಯವಸ್ಥೆ ಎಂಬುದಿಲ್ಲ, ಅದನ್ನು ತರಬೇಕಾದವನು ತಾನೇ! ವಿಜಯಪುರದ ನಮ್ಮ ಮನೆಯಲ್ಲಿ ಆ ಜ್ಞಾನೋದಯವಾದದ್ದು ರೊಟ್ಟಿಯ ವಿಷಯದಲ್ಲಿ.

ನನ್ನ ಹೆಂಡತಿ ಶಾಂತಾಳ ತಮ್ಮ ಬಸವರಾಜ ಬಬಲೇಶ್ವರದಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದ. ನಮ್ಮ ಕಡೆ ಇಂಥ ಕಾರ್ಯದ ಅಡುಗೆ ಒಂದೇ ಒಲೆಯ ಮೇಲೆ ಆಗುವುದಿಲ್ಲ. ಒಬ್ಬ ನೆಂಟರ ಮನೆಯಿಂದ ಖಡಕ್ ರೊಟ್ಟಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಬರುತ್ತದೆ. ಇನ್ನೊಬ್ಬರ ಮನೆಯಿಂದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮತ್ತೊಬ್ಬರಿಂದ ಬದನೆಕಾಯಿ ಪಲ್ಯ. "ಊಟದ ಚಿಂತಿ ಬಿಡು, ಅದು ನನ್ನ ಪಾಲಿಗೆ" ಎಂದು ಶಾಂತಾ ತಮ್ಮನಿಗೆ ಮಾತು ಕೊಟ್ಟಿದ್ದಳು. ತವರಿಗೆ ಕೊಟ್ಟ ಮಾತು! ತಪ್ಪಿದರೆ ಅದರ ಪರಿಣಾಮ ಅನುಭವಿಸುವವನು ತವರಿನಲ್ಲಿರುವುದಿಲ್ಲ, ವಿಜಯಪುರದಲ್ಲಿರುತ್ತಾನೆ.

"ಯಾರು ಏನ್ ತರ್ತಾರಂತ ಎಲ್ಲಾರ್ಗೂ ಒಂದೊಂದ್ ಫೋನ್ ಮಾಡ್ತೇನಿ" ಎಂದಳು.

"ಫೋನ್?" ಎಂದು ಕರುಣೆಯಿಂದ ನಕ್ಕೆ. "ಶಾಂತಾ, ಇದು ಯಾವ ಕಾಲ? ನಾ ಒಂದು ಕ್ಲೌಡ್ ಸರ್ವರ್ ಬಾಡಿಗಿಗೆ ಹಿಡಿದು, ಅದರಾಗ ಕಂಟೇನರ್ ಕೂಡಿಸಿ, ಒಂದು ಪುಟ ಮಾಡಿ ಬಿಡ್ತೇನಿ. ಕೂತಲ್ಲೇ ಎಲ್ಲಾರೂ ಬರೀತಾರ."

"ಅಂದ್ರ?"

"ಸರ್ವರ್ ಅಂದ್ರ ಎಲ್ಲೋ ದೂರದಾಗ ಇರೋ ಬಾಡಿಗಿ ಯಂತ್ರ. ಅದು ಅಡಗಿಮನಿ ಇದ್ದಂಗ. ಕಂಟೇನರ್ ಅಂದ್ರ ಅದರಾಗಿನ ಡಬ್ಬಿ. ಒಂದ್ ಡಬ್ಬ್ಯಾಗ ಪುಟ, ಇನ್ನೊಂದರಾಗ ಜನಾ ಬರದ ಮಾಹಿತಿ."

"ಬಾಡಿಗಿ ಅಡಗಿಮನಿ ಯಾಕ್ರಿ? ನಮ್ಮನ್ಯಾಗ ಡಬ್ಬಿಗೇನ್ ಬರಾ ಐತಿ?"

ಉತ್ತರಿಸುವುದು ನನ್ನ ಹುದ್ದೆಗೆ ತಕ್ಕುದಲ್ಲವೆಂದು ಲ್ಯಾಪ್‌ಟಾಪ್ ತೆರೆದೆ.

ಯೂಟ್ಯೂಬಿನ ಗುರುಗಳ ಪಾದದಡಿ ಕೂತು ವಿದ್ಯೆ ಕಲಿತೆ. ಮೊದಲ ದಿನವೇ, ಭದ್ರತೆಯ ದೃಷ್ಟಿಯಿಂದ, ಸರ್ವರಿನ ಎಲ್ಲ ಬಾಗಿಲುಗಳನ್ನೂ ಮುಚ್ಚತಕ್ಕದ್ದೆಂದು ಫೈರ್‌ವಾಲ್ ಎಂಬ ಅದರ ಕಾವಲುಯಂತ್ರಕ್ಕೆ ಆಜ್ಞೆ ಹೊರಡಿಸಿದೆ. ಅದು ವಿಧೇಯ ಯಂತ್ರ, ಮುಚ್ಚಿತು. ನಾನು ಒಳಹೋಗುತ್ತಿದ್ದ ಬಾಗಿಲೂ ಅದರಲ್ಲಿತ್ತು!

"ಕೀಲಿ ಒಳಗಿಟ್ಟು ಚಿಲಕಾ ಹಾಕ್ಕೊಂಡ್ರೇನು?" ಎಂದು ಶಾಂತಾ ಚಹಾ ಇಟ್ಟು ಹೋದಳು.

ಆ ಸರ್ವರನ್ನು ಅಳಿಸಿ ಇನ್ನೊಂದು ಹಿಡಿದೆ. ಈ ಸಲ ಎರಡೂ ಕಂಟೇನರ್‌ಗಳು ಎದ್ದವು, ಆದರೆ ಒಂದಕ್ಕೊಂದು ಮಾತಾಡಲಿಲ್ಲ. ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಅಕ್ಕಪಕ್ಕದಲ್ಲೇ ಬೆನ್ನು ತಿರುಗಿಸಿ ಕೂತಿದ್ದವು. ಅವುಗಳ ರಾಜಿ ಮಾಡಿಸುವುದರೊಳಗೆ ವಾರ ಕಳೆಯಿತು. ಅಂತೂ ಒಂದು ಭಾನುವಾರ ಸಂಜೆ ಪುಟ ಲೋಕಾರ್ಪಣೆಯಾಯಿತು. ನೆಂಟರೆಲ್ಲ ಬರೆದರು. ಶಾಂತಾ ಕೂಡ "ಪರವಾಗಿಲ್ರಿ" ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆಯಿಂದ ನನಗೆ ದೊರೆತ ಅತ್ಯುನ್ನತ ಪ್ರಶಸ್ತಿ ಅದು.

ಅಲ್ಲಿಗೇ ಮುಗಿಯಬೇಕಿತ್ತು. ಟಿಕೋಟಾದಿಂದ ಶಾಂತಾಳ ಅಕ್ಕ ಗಂಗಕ್ಕನ ಫೋನು ಬಂತು.

"ಸಾಹೇಬ್ರ, ನಿಮ್ಮ ಆ ಪುಟ ಎಷ್ಟೊತ್ತಿಗೆ ಚಾಲೂ ಮಾಡಿದ್ರಿ?"

"ಐತ್ವಾರ ಸಂಜಿ ಐದಕ್ಕರಿ ಅಕ್ಕಾರ."

"ಯಪ್ಪಾ! ರಾಹುಕಾಲ!"

"ಅದು ಯಂತ್ರರಿ. ಎಲ್ಲೋ ಪರದೇಶದಾಗ ಐತಿ. ಅದಕ್ಕೆಲ್ಲಿ ರಾಹುಕಾಲ?"

"ಯಂತ್ರ ಎಲ್ಲೇರ ಇರ್ಲಿ, ಮನಿ ಬಬಲೇಶ್ವರದಾಗ ಐತೋ ಇಲ್ಲೋ?"

ಶಾಂತಾ ಅಕ್ಕನ ಪಕ್ಷ ಸೇರಿದಳು. "ಒಮ್ಮೆ ಬಂದ್ ಮಾಡಿ ಚಲೋ ಘಳಿಗ್ಯಾಗ ಮತ್ತ ಚಾಲೂ ಮಾಡ್ರಲ್ಲ. ನಿಮ್ಮದೇನ್ ಗಂಟ್ ಹೋಕ್ಕೈತಿ?"

ಗುರುವಾರ ಮುಂಜಾನೆ ಮುಹೂರ್ತ ಸಿಕ್ಕಿತು. ನಾನು ಸ್ನಾನ ಮಾಡಿ, ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಕೂತೆ. ಕಂಟೇನರನ್ನು ಬರೀ ನಿಲ್ಲಿಸಿ ಎಬ್ಬಿಸಬಹುದಿತ್ತು. ಆದರೆ ನಿಲ್ಲಿಸಿ ಎಬ್ಬಿಸಿದರೆ ಅದು ಅದೇ ಜನ್ಮ. ರಾಹುಕಾಲದ ದೋಷ ಹೋದೀತು ಹೇಗೆ? ಎರಡೂ ಕಂಟೇನರ್‌ಗಳನ್ನು ಪೂರ್ತಿ ತೆಗೆದುಹಾಕಿ ಹೊಸದಾಗಿ ಹುಟ್ಟಿಸುವುದೇ ಶಾಸ್ತ್ರಸಮ್ಮತವೆಂದು ತೀರ್ಮಾನಿಸಿ ಹಾಗೆಯೇ ಮಾಡಿದೆ. ಎಷ್ಟು ಸಲೀಸಾಗಿ ಹುಟ್ಟಿತು! ಶುಭ ಘಳಿಗೆಯ ಮಹಿಮೆ ಎಂದು ಪುಟ ತೆರೆದೆ.

"ಇನ್ನೂ ಯಾರೂ ಏನೂ ಬರೆದಿಲ್ಲ."

ಕಂಟೇನರ್ ತೆಗೆದರೆ ಅದರೊಳಗಿದ್ದದ್ದೂ ಹೋಗುತ್ತದೆ, ಉಳಿಯಬೇಕಾದದ್ದನ್ನು ಅದರ ಹೊರಗೆ ಬೇರೆ ಜಾಗದಲ್ಲಿ ಇಡಬೇಕು ಎಂದು ಗುರುಗಳು ಹೇಳಿದ್ದರಂತೆ. ಆ ಭಾಗ ಬಂದಾಗ ನಾನು ಅವಲಕ್ಕಿ ತಿನ್ನಲು ಎದ್ದಿದ್ದೆ.

ಫೋನನ್ನು ಕಂಡು ನಕ್ಕಿದ್ದ ನಾನು ಮಾಳಿಗೆ ಹತ್ತಿ, ನೀರಿನ ಟಾಕಿಯ ಮರೆಯಲ್ಲಿ ನಿಂತು ಫೋನ್ ಮಾಡತೊಡಗಿದೆ. ಎಲ್ಲ ಅಳಿಸಿಹೋಗಿದೆ ಎನ್ನಲು ನಾಲಿಗೆ ಏಳಲಿಲ್ಲ. ಅಧೀಕ್ಷಕರು ಹಾಗೆಲ್ಲ ಹೇಳುವ ಪದ್ಧತಿಯಿಲ್ಲ.

"ಮಲ್ಲಪ್ಪಾ, ನೀ ಏನ್ ತರ್ತೀನಂತ ಬರದಿದ್ದಿ? ಸುಮ್ನ ಖಾತ್ರಿ ಮಾಡ್ಕೊಳ್ಳಾಕ ಕೇಳಿದೆ."

ಮಲ್ಲಪ್ಪ ಹೊನವಾಡದಲ್ಲಿರುವ ಶಾಂತಾಳ ಚಿಕ್ಕಪ್ಪನ ಮಗ. "ನೆನಪಿಲ್ರಿ ಮಾವಾರ. ನಿಮ್ಮ ಮಶೀನ್ದಾಗ ಐತೆಲ್ಲ ಅಂತ ತಲಿಯಿಂದ ತಗದ ಬಿಟ್ಟೇನಿ. ನೀವ ನೋಡಿ ಹೇಳ್ರಿ."

ಎಲ್ಲರದೂ ಅದೇ ರಾಗ. ನನ್ನ ಯಂತ್ರದ ಮೇಲೆ ಜನರಿಗೆ ಅಷ್ಟು ವಿಶ್ವಾಸ! ಹಿಂಡಿ ಕಡಿಮೆ ಬಿದ್ದರೆ ಹೇಗೋ ನಡೆದೀತು. ರೊಟ್ಟಿ ಕಡಿಮೆ ಬಿದ್ದರೆ ಊರೆಲ್ಲ ಆಡಿಕೊಳ್ಳುತ್ತದೆ. ಆದ್ದರಿಂದ ಮಲ್ಲಪ್ಪನಿಗೆ ಗಂಭೀರವಾಗಿ "ರೊಟ್ಟಿ" ಎಂದೆ. ಮುಂದಿನವರಿಗೂ, ಮುಂಜಾಗ್ರತೆಯಾಗಿ, "ರೊಟ್ಟಿ" ಎಂದೆ. ಆಮೇಲೆ ಅದು ರೂಢಿಯಾಯಿತು.

ವಾಸ್ತುಶಾಂತಿಯ ದಿನ ಬಬಲೇಶ್ವರಕ್ಕೆ ಗಂಟುಗಳು ಬಂದವು. ಟಿಕೋಟಾದ ಟಂಟಂ ಆಟೋದಲ್ಲಿ ಬಂದವು, ಹೊನವಾಡದ ಬಸ್ಸಿನಲ್ಲಿ ಬಂದವು. ಶಾಂತಾ ಒಂದು ಬಿಚ್ಚಿದಳು: ರೊಟ್ಟಿ. ಇನ್ನೊಂದು: ರೊಟ್ಟಿ. ದೇವರ ಮನೆ ತುಂಬಿ ನಡುಮನೆಗೆ ಬಂತು. ಹೊಸ ಮನೆಯ ಗೋಡೆಗಿಂತ ರೊಟ್ಟಿಯ ಗೋಡೆ ಭದ್ರವಾಗಿತ್ತು.

"ಹಿಂಡಿ ಎಲ್ಲಿ ಮಾವಾರ?" ಎಂದು ಬಸವರಾಜ ಕೇಳಿದ. "ಪಲ್ಯಾ?"

ಶಾಂತಾ ಕೈಚಾಚಿ ನನ್ನ ಮೊಬೈಲು ತೆಗೆದುಕೊಂಡು ಪುಟ ತೆರೆದಳು. "ಇನ್ನೂ ಯಾರೂ ಏನೂ ಬರೆದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಓದಿದಳು. ನಡೆದದ್ದನ್ನು ಹೇಳಿದೆ. ಗಂಗಕ್ಕ ಮಾತ್ರ ಕಿಂಚಿತ್ತೂ ಅಳುಕಲಿಲ್ಲ.

"ನಾ ಹೇಳಿದ್ದಿಲ್ಲೇನ? ರಾಹುಕಾಲದಾಗ ಚಾಲೂ ಮಾಡಿದ್ದಕ್ಕ ಹಿಂಗಾತು!"

ಓಣಿಯ ಮನೆಮನೆಗಳಿಂದ ಉಪ್ಪಿನಕಾಯಿ, ಮೊಸರು, ಉಳ್ಳಾಗಡ್ಡಿ ಕೂಡಿಸಿ ಪಂಕ್ತಿ ಎಬ್ಬಿಸಿದರು. ಶಾಂತಾ ಪ್ರತಿ ಎಲೆಯ ಮುಂದೂ ನಿಂತು, "ಇವತ್ತ ಇಷ್ಟ ಐತ್ರಿ, ಸಮಾಧಾನ ಮಾಡ್ಕೋರಿ" ಎಂದು ಕೈಮುಗಿದಳು. ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸರ್ವರ್ ಇಂದಿಗೂ ಒಂದು ಕ್ಷಣವೂ ನಿಲ್ಲದೆ, ಖಾಲಿಯಾಗಿ, ಅತ್ಯಂತ ಸುರಕ್ಷಿತವಾಗಿ ನಡೆಯುತ್ತಿದೆ. ಅದನ್ನು ಬಂದ್ ಮಾಡಲು ಗಂಗಕ್ಕನಿಂದ ಇನ್ನೂ ಒಳ್ಳೆಯ ಘಳಿಗೆ ಸಿಕ್ಕಿಲ್ಲ. ಉಳಿದ ರೊಟ್ಟಿ ನಮ್ಮ ಮನೆಗೇ ಬಂದವು. ನಿನ್ನೆ ಹಸಿವಾಗಿ ಅಡುಗೆಮನೆಯ ಸ್ಟೀಲಿನ ಡಬ್ಬಿಗೆ ಕೈ ಹಾಕಿದ್ದೆ.

"ರೀ, ನೀವು ಮುಟ್ಟಬ್ಯಾಡ್ರಿ" ಎಂದಳು ಶಾಂತಾ. "ನಾ ಬಂದು ಕೊಡ್ತೇನಿ. ನೀವು ತಗದ್ರ ಒಳಗಿಂದೂ ಹೋದೀತು!"