ದೆವ್ವದ ಸೀರಿಯಲ್ಲೂ ನಮ್ಮ ಹಾಸ್ಟೆಲ್ಲೂ

ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ವಾರ್ಡನ್ ಆದವಳು ನಗುವನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೈಯೋಣ ಅಂತ ಬಾಯಿ ತೆಗೆದರೂ ನಗುವೇ ಬಂದುಬಿಡುತ್ತೆ. ಎರಡು ಸಾವಿರದ ಇಸವಿಯ ಆಚೀಚೆ, ರಾಮಕೃಷ್ಣನಗರದ ನಮ್ಮ ಪುಟ್ಟ ಹಾಸ್ಟೆಲ್ಲನ್ನ ಒಂದು ದೆವ್ವದ ಸೀರಿಯಲ್ ಹಿಡಿದುಕೊಂಡಿತ್ತು.

೧. ರೈಲು

ಶುಕ್ರವಾರ ಊಟ ಆಯಿತೋ, ಪಿಯುಸಿ ಹುಡುಗಿಯರೆಲ್ಲ ಟೀವಿ ಮುಂದೆ ಹಾಜರ್. ಬಾವಿಯಿಂದ ಬಿಳಿ ಸೀರೆಯವಳು ಎದ್ದು ಬರೋದು, ಇವರು ಮುಖ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ನೋಡೋದು. ನಮ್ಮ ಬಚ್ಚಲುಮನೆ ಇದ್ದದ್ದು ಹಿಂದಿನ ಅಂಗಳ ದಾಟಿ. ಸೀರಿಯಲ್ ಮುಗಿದ ಮೇಲೆ ಒಬ್ಬಳ ಜಡೆ ಇನ್ನೊಬ್ಬಳು ಹಿಡಿದು ರೈಲು ಹೊರಡುತ್ತಿತ್ತು.

"ಎಲ್ರಿಗೂ ಒಟ್ಟಿಗೇ ಅವಸರವೇನ್ರೇ?" ಅಂದೆ.

"ನಂಗಿಲ್ಲ ಮೇಡಂ. ರೂಮಲ್ಲಿ ಒಬ್ಳೇ ಇರಕ್ಕಾಗಲ್ಲ, ಅದಕ್ಕೆ ಬಂದೆ" ಅಂದಳು ಕೊನೆಯವಳು.

೨. ಇಂಜಿನ್

ಆ ವರ್ಷ ಇಲವಾಲ ದಾಟಿ ಇನ್ನೂ ಒಳಗಿರೋ ಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಕಾಲೇಜಿನ ಹೊತ್ತಿಗೆ ಅವರೂರಿಂದ ಬಸ್ಸಿಲ್ಲ, ಹಾಸ್ಟೆಲ್ ಬಿಟ್ಟರೆ ಓದೂ ಇಲ್ಲ. ಪಾಪ, ಬಾಯಿ ಬಿಟ್ಟರೆ ಉಳಿದವರು ಕಿಸಕ್ಕನೆ ನಗೋರು. ಅನ್ನದ ತಟ್ಟೆ ಮುಂದೆ ಕೂತು ಅಳೋಳು. "ಊರಿಗ್ ಕಳಿಸ್ಬುಡಿ ಮೇಡಂ." ಅವಳಪ್ಪ ಬೇರೆ, "ಒಗ್ದೇ ಇದ್ರೆ ಬುಡಿ, ಬಂದು ಕರ್ಕೊಂಡೋಯ್ತೀನಿ" ಅಂತ ಹೇಳಿ ಹೋಗಿದ್ದರು. ಅಷ್ಟು ಚೆನ್ನಾಗಿ ಓದೋ ಮಗು ವಾಪಸ್ ಹೋಗಿಬಿಡುತ್ತಲ್ಲ ಅಂತ ನನಗೆ ಸಂಕಟ.

ಒಂದು ಶುಕ್ರವಾರ ರೈಲು ಹಿತ್ತಿಲ ಬಾಗಿಲಲ್ಲೇ ನಿಂತು ಕಿಟಾರನೆ ಕಿರುಚಿತು. ಕತ್ತಲಲ್ಲಿ ಏನೋ ಬೆಳ್ಳಗೆ ಅಲ್ಲಾಡುತ್ತಿದೆ! ಈ ಹುಡುಗಿ ಎಲ್ಲರನ್ನೂ ಸರಿಸಿಕೊಂಡು ಹೋಗಿ ಅದನ್ನ ಎಳೆದುಕೊಂಡು ಬಂದಳು. ನನ್ನ ಟವಲ್ಲು.

"ನಿಂಗೆ ಭಯ ಆಗಲ್ವೇನೇ?"

"ನಮ್ ವಲ ಇರೋದೇ ಮಸಾಣದ ಪಕ್ಕ ಮೇಡಂ. ಅಲ್ಲಿ ಮಲಗಿರೋರೆಲ್ಲ ನಮ್ಮೋರೇ. ನಮ್ಮಜ್ಜಿನೂ ಅಲ್ಲೇ ಅವ್ಳೆ. ಸೊಪ್ಪು ಕುಯ್ಯಕ್ಕೋದಾಗ ಮಾತಾಡಿಸ್ಕೊಂಡ್ ಬತ್ತೀನಿ. ಅವ್ಳ್ಯಾಕೆ ನನ್ನ ಎದರಿಸ್ತಾಳೆ?"

ಅವತ್ತಿನಿಂದ ರೈಲಿಗೆ ಅವಳೇ ಇಂಜಿನ್. ಅವಳ ಮಾತಿಗೆ ನಗುತ್ತಿದ್ದವರೇ ಈಗ ಊಟದ ಹೊತ್ತಿಂದಲೇ ಅವಳ ಜಡೆ ಹಿಡಿದು ಕೂರೋರು.

೩. ಪರೀಕ್ಷೆ

"ವಯಸ್ಸಿಗೆ ಬಂದ ಮಕ್ಕಳು ನೋಡುವಂಥದ್ದೇ ಇದು?" ಅಂತ ಯಾರೋ ತಾಯಿ ದೂರು ಕೊಟ್ಟರು. ಹಾಸ್ಟೆಲ್ ಕಮಿಟಿಯ ಹಿರಿಯರೊಬ್ಬರು, ಜವಳಿ ವ್ಯಾಪಾರದವರು, ಹಣೆತುಂಬ ವಿಭೂತಿ, ನಾನೇ ನೋಡಿ ತೀರ್ಮಾನ ಮಾಡ್ತೀನಿ ಅಂತ ಬಂದು ಕೂತರು. ನನಗೆ ಬೇರೆಯೇ ಚಿಂತೆ. ಟೀವಿ ನಿಂತರೆ ರೈಲು ನಿಲ್ಲುತ್ತೆ, ಆ ಹಳ್ಳಿ ಹುಡುಗಿ ಮತ್ತೆ ಒಂಟಿ.

ಸೀರಿಯಲ್ ಮುಗಿಯಿತು. ಹಿರಿಯರು ಬೆವರು ಒರೆಸಿಕೊಂಡು, "ಮಕ್ಕಳಿಗೆ ಇದು ಸಲ್ಲದು. ಮುಂದಿನ ವಾರದಿಂದ ಬಂದ್" ಅಂದರು. ಅಷ್ಟು ಅಂದು ಗೇಟಿನ ತನಕ ಹೋಗಿ, ಸ್ಕೂಟರ್ ಸ್ಟಾರ್ಟ್ ಮಾಡದೆ ನಿಂತರು. "ನಾನು ತಿರುವು ದಾಟೋವರೆಗೂ ಈ ಲೈಟ್ ಆರಿಸಬೇಡಿ ಕಣಮ್ಮ."

ಮುಂದಿನ ಶುಕ್ರವಾರ ಅವರ ಫೋನು. "ನಮ್ಮನೇಲಿ ಕರೆಂಟ್ ಹೋಗಿದೆ. ಅವಳು ಬಾವಿಯಿಂದ ಬಂದಳೋ ಇಲ್ಲವೋ?"

"ಬಂದ್ ಮಾಡಿಸಿದ್ದೀರಲ್ಲ ಸಾರ್?"

"ನಾನು ಮಾಡಿಸಿದ್ದೀನಿ, ನೀವು ಮಾಡಿರಲ್ಲ ಅಂತ ಗೊತ್ತು. ಬೇಗ ಹೇಳಿ."

೪. ಅಪ್ಪ

ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಇಂಜಿನ್ ಹುಡುಗಿಯ ಅಪ್ಪ ಬಂದೇಬಿಟ್ಟರು. "ಮಗಾನ ಕರ್ಕೊಂಡೋಯ್ತೀನಿ." ಹುಡುಗಿಯರೆಲ್ಲ ಬಾಗಿಲಿಗೆ ಅಡ್ಡ ನಿಂತರು. "ಅಂಕಲ್, ಅವಳು ಹೋದ್ರೆ ನಮ್ಮನ್ನ ಬಾತ್‌ರೂಮಿಗೆ ಯಾರು ಕರ್ಕೊಂಡ್ ಹೋಗ್ತಾರೆ?"

ಅಪ್ಪ ಮಗಳ ಮುಖ ನೋಡಿದರು. "ನಾನ್ ಬರಲ್ಲ ಕಣಪ್ಪ. ಇವ್ರನ್ನ ಬುಟ್ಟು ಎಂಗ್ ಬರಲಿ?" ಅಂದಳು. ಅತ್ತು ಕರೆದು ಊರಿಗೆ ಹೋಗ್ತೀನಿ ಅನ್ನುತ್ತಿದ್ದ ಹುಡುಗಿ! ನನಗೆ ಕಣ್ಣು ತುಂಬಿ ಬಂತು. ಅಪ್ಪನ ಮುಖ ಮಾತ್ರ ಬಾಡಿಹೋಯಿತು. ಪಕ್ಕಕ್ಕೆ ಕರೆದು, "ಮಗಳು ಓದಲಿ ಬಿಡಿ, ಇಲ್ಲಿ ಚೆನ್ನಾಗಿ ಒಗ್ಗಿದ್ದಾಳೆ. ನಿಮಗೆ ಬೇರೇನಾದ್ರೂ ತೊಂದರೆನಾ?" ಅಂತ ಮೆಲ್ಲಗೆ ಕೇಳಿದೆ.

ಆ ಯಪ್ಪ ಟವಲ್ಲು ಹಿಂಡುತ್ತಾ ಹೇಳಿದರು: "ನಮ್ಮೆಂಗಸ್ರೂ ಅದೇ ಸೀರಿಯಲ್ ಹಾಕ್ತಾಳೆ ಮೇಡಂ. ಮುಗುದ್ ಮೇಲೆ ಕೊಟ್ಗೆಗೋಗಿ ದನಕ್ಕೆ ಉಲ್ಲಾಕು ಅಂತಾಳೆ. ಮೊದ್ಲು ಮಗಳು ಜೊತೇಗ್ ಬರೋಳು."

ಆಮೇಲೆ ಮಗಳ ತಲೆ ಸವರಿದರು. "ನೀನು ಓದ್ಕೊ ಮಗಾ. ಇನ್ಮೇಲೆ ಸೀರಿಯಲ್ ಸುರುವಾಗಕ್ಕೆ ಮುಂಚೇನೇ ಉಲ್ಲಾಕ್ಬುಡ್ತೀನಿ."