ಹೋಗ್ಲಾ, ತಾಯಿ?

ವೆಂಡಲ್ ಆ ಶನಿವಾರ ಬೆಳಿಗ್ಗೆ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಹೊಟ್ಟೆಪಾಡಿಗೆ.

ವಾರಾಂತ್ಯಕ್ಕೆ ಬಂದ ಜನರನ್ನು ವ್ಯಾನಿನಲ್ಲಿ ತುಂಬಿಕೊಂಡು ಮೊದಲು ರೆಡ್‌ವುಡ್ ಎಂಬ ಮುಗಿಲೆತ್ತರದ ಮರಗಳ ಕಾಡು, ಆಮೇಲೆ ನಮ್ಮ ಕಣಿವೆಯ ದ್ರಾಕ್ಷಿ ತೋಟಗಳನ್ನು ತೋರಿಸುವುದು ಅವನ ಕೆಲಸ. ಮರಗಳ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ. ಅದೇ ಅವನಿಗೆ ಮುಳುವಾಗಿತ್ತು. ಎತ್ತರ, ಸುತ್ತಳತೆ, ವಯಸ್ಸು, ತೊಗಟೆಯ ದಪ್ಪ ಎಂದು ಒಂದೇ ರಾಗದಲ್ಲಿ ಒಪ್ಪಿಸುತ್ತ ಹೋದರೆ ಜನಕ್ಕೆ ನಿಂತಲ್ಲೇ ಜೋಂಪು ಹತ್ತುತ್ತಿತ್ತು. 'ಬಹಳ ದಿನದ ಮೇಲೆ ಒಳ್ಳೆ ನಿದ್ದೆ ಬಂತು' ಎಂದು ಯಾರೋ ಮಹಾರಾಯ ಫೋನಿನಲ್ಲಿ ಬರೆದು, ಅದರ ಪಕ್ಕ ಒಂದೇ ಒಂದು ನಕ್ಷತ್ರ ಅಂಟಿಸಿದ್ದ.

ಒಡತಿ ಬರ್ನೀಸ್ ಅದನ್ನು ಅವನ ಮುಖಕ್ಕೇ ಹಿಡಿದು ಓದಿದಳು. ಇನ್ನೊಬ್ಬ ನಿದ್ದೆಯ ಮಾತೆತ್ತಿದರೆ ಸೋಮವಾರ ವ್ಯಾನಿನ ಕೀಲಿಕೈ ಇಟ್ಟು ಹೋಗಬೇಕು ಎಂದಳು. ವೆಂಡಲ್ ವಾಸವಿದ್ದದ್ದು ಅವಳ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ಕೆಲಸ ಹೋದರೆ ಸೂರೂ ಹೋದಂತೆ. ಮರ ಕೊಯ್ಯುವ ಕಾರ್ಖಾನೆ ಮುಚ್ಚಿದ ಮೇಲೆ, ಐವತ್ತು ದಾಟಿದ ಅವನನ್ನು ಕರೆದು ಕೂರಿಸಿದವಳು ಅವಳೊಬ್ಬಳೇ.

ಆ ಶನಿವಾರದ ಗುಂಪು ಸಣ್ಣದು. ಆದರೆ ಅದರಲ್ಲಿ ಲೂಯೆಲಾ ಇದ್ದಳು. ಬೇಕರ್ಸ್‌ಫೀಲ್ಡಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು, ಆದರೆ ನಿವೃತ್ತಿ ಅವಳ ಬಾಯಿಗೆ ಅನ್ವಯಿಸಿರಲಿಲ್ಲ. ಹಲ್ಲಿನ ಡಾಕ್ಟರುಗಳಿಗೆ ಕುರ್ಚಿ ಮಾರುವ ರಸ್ಟಿ ಎಂಬವನೂ ಇದ್ದ. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ತೊಗಟೆಯ ದಪ್ಪಕ್ಕೆ ಬರುವ ಹೊತ್ತಿಗೆ ರಸ್ಟಿ ಆಕಳಿಸಿದ. ಆಕಳಿಕೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಯಿತು. ವೆಂಡಲ್‌ನ ಕಣ್ಣ ಮುಂದೆ ಸೋಮವಾರದ ಕೀಲಿಕೈ ಬಂತು.

ಆಗ ಅವರು ನಿಂತಿದ್ದದ್ದು ಮರಗಳ ಒಂದು ಬಳೆಯ ಒಳಗೆ. ಸುತ್ತ ದೊಡ್ಡ ಮರಗಳು ಕೈ ಕೈ ಹಿಡಿದಂತೆ ನಿಂತಿದ್ದವು, ನಡುವೆ ಖಾಲಿ ನೆಲ. ಒಂದು ಮರದ ಬುಡ ಎಂದೋ ಬಿದ್ದ ಬೆಂಕಿಗೆ ಸುಟ್ಟು, ಮನುಷ್ಯ ಕೂರುವಷ್ಟು ಪೊಟರೆಯಾಗಿತ್ತು. ಹಿಂದಿನವರು ಅಂಥದರಲ್ಲಿ ಹೆಬ್ಬಾತುಗಳನ್ನು ಕೂಡಿಹಾಕುತ್ತಿದ್ದರು. ಆ ಕಾಡಿನಲ್ಲಿ ಹಕ್ಕಿ ಕೂಗುವುದು ಕಡಿಮೆ. ನೆಲದ ಮೆತ್ತನೆಯ ಎಲೆಹಾಸು ಹೆಜ್ಜೆಯ ಸದ್ದನ್ನೂ ನುಂಗುತ್ತದೆ, ಮಾತನ್ನೂ ನುಂಗುತ್ತದೆ.

"ನಡುವೆ ಏನಿತ್ತು?" ಎಂದಳು ಲೂಯೆಲಾ.

"ತಾಯಿ ಮರ" ಎಂದ ವೆಂಡಲ್. ಅಲ್ಲಿಯವರೆಗೆ ಸತ್ಯವೇ. ತಾಯಿಯನ್ನು ನೂರು ವರ್ಷದ ಹಿಂದೆ ಕಡಿದರು, ಅವಳ ಬೇರಿನಿಂದ ಈ ಮಕ್ಕಳೆಲ್ಲ ಎದ್ದರು, ಬೇರು ಕೆಳಗೆ ಇನ್ನೂ ಬದುಕಿದೆ ಎಂದ. ರಸ್ಟಿ ಮತ್ತೆ ಬಾಯಿ ತೆರೆಯುತ್ತಿರುವುದು ಕಾಣಿಸಿತು. ವೆಂಡಲ್ ಕಣ್ಣು ಮುಚ್ಚಿ ಸುಳ್ಳಿಗೆ ಹಾರಿದ.

"ಈ ಬಳೆಯೊಳಗೆ ಕಾಲಿಟ್ಟೋರು ತಾಯಿನ ಕೇಳಿಯೇ ಹೊರಗೆ ಹೋಗ್ಬೇಕು. ಕೇಳದೆ ಹೋದೋರ ಹಿಂದೆ ಅವಳು ಬರ್ತಾಳೆ."

ರಸ್ಟಿಯ ಬಾಯಿ ಮುಚ್ಚಿತು. ಎಲ್ಲಿಯವರೆಗೆ ಬರುತ್ತಾಳೆ ಎಂದು ಯಾರೋ ಪಿಸುಗುಟ್ಟಿದರು. ಹೋದಲ್ಲಿಗೆಲ್ಲ ಎಂದ ವೆಂಡಲ್. ನಮ್ಮ ಮಕ್ಕಳೆಲ್ಲ ಆಡುವ ಆಟವೊಂದಿದೆಯಲ್ಲ, ಪ್ರತಿ ಹೆಜ್ಜೆಗೂ 'ತಾಯೀ, ಹೋಗ್ಲಾ?' ಎಂದು ಕೇಳುವ ಆಟ, ಅದು ಇಲ್ಲಿಂದಲೇ ಹುಟ್ಟಿದ್ದು ಎಂದು ಒಗ್ಗರಣೆಯನ್ನೂ ಹಾಕಿದ. ಒಬ್ಬೊಬ್ಬರಾಗಿ ಎಲ್ಲರೂ ಖಾಲಿ ನೆಲಕ್ಕೆ ಮುಖ ಮಾಡಿ, "ಹೋಗ್ಲಾ, ತಾಯಿ?" ಎಂದು ಕೇಳಿ ಹೊರಬಂದರು. ಒಬ್ಬರಿಗೂ ನಿದ್ದೆಯ ಸುಳಿವಿರಲಿಲ್ಲ. ವೆಂಡಲ್ ಖುಷಿಯಿಂದ ಶಿಳ್ಳೆ ಹಾಕುತ್ತ ಕೊನೆಯಲ್ಲಿ ಬಂದ.

"ನೀನು ಕೇಳ್ಲಿಲ್ಲ" ಎಂದಳು ಲೂಯೆಲಾ.

"ನಾನು ಗೈಡಲ್ವಾ ಮೇಡಂ" ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮಧ್ಯಾಹ್ನ ಮಾಮೂಲು ಹೋಗುವ ತೋಟದಲ್ಲಿ ನೀರಿನ ಕೊಳವೆ ಒಡೆದು ಅಂಗಳವೆಲ್ಲ ಕೆಸರಾಗಿತ್ತು. ಬರ್ನೀಸ್ ಫೋನು ಮಾಡಿ, ಕಣಿವೆಯ ತುದಿಯ ಪೆಡ್ರೋನಿ ಮನೆತನದ ಹಳೇ ತೋಟಕ್ಕೆ ಹೋಗು, ಹೇಳಿದ್ದೇನೆ ಎಂದಳು. ವೆಂಡಲ್ ಅಲ್ಲಿಗೆ ಹೋದವನೇ ಅಲ್ಲ. ವೈನಿನ ವಿಷಯದಲ್ಲಂತೂ ಅವನು ಹಸುಗೂಸು. ಹೊಟ್ಟೆಗೆ ಆಗದೆಂದು ಹಾಲು ಬಿಟ್ಟರೆ ಬೇರೇನೂ ಕುಡಿಯುತ್ತಿರಲಿಲ್ಲ. ಮಣ್ಣುದಾರಿ ಹಿಡಿಯುತ್ತಲೇ ಫೋನು ಸತ್ತಿತು. ಸಮುದ್ರದ ಕಡೆಯಿಂದ ಮಂಜು ಬಂದು ಸಾಲು ಸಾಲು ಬಳ್ಳಿಗಳನ್ನು ಒಂದೊಂದಾಗಿ ಅಳಿಸುತ್ತ ಹೋಯಿತು. 

ತೋಟದ ಮುದುಕ ಎತ್ತೋರೆ ಅಂಗಳದ ಮೇಜಿಗೆ ಗ್ಲಾಸುಗಳನ್ನಿಟ್ಟ. ರುಚಿ ನೋಡಿ ಉಗುಳಲು ಒಂದು ಬಕೆಟ್ಟನ್ನೂ ಇಟ್ಟ. ಎರಡು ಬಗೆಯ ಕೆಂಪು ವೈನು ಬಕೆಟ್ಟು ಸೇರಿದ ಮೇಲೆ, ಜನ ಮೂರನೆಯದನ್ನು ಗ್ಲಾಸಿನಲ್ಲಿ ಆಡಿಸಿ, ಮೂಸಿ, ಇನ್ನೇನು ತುಟಿಗೆ ತರಬೇಕು, ಅಷ್ಟರಲ್ಲಿ ಹಿಂದಿನ ಕುದುರೆ ಲಾಯದಿಂದ ಅವನ ಮಗಳು ಪಿಯಾಳ ಧ್ವನಿ ಬಂತು.

"ಅಪ್ಪಾ, ತಾಯಿಗೆ ಏನಾದ್ರೂ ಕೊಟ್ಟಿದ್ದೀಯಾ?"

"ಬೆಳಿಗ್ಗೆ ಒಂದು ಬಾಟ್ಲಿ ಹಾಕಿದೆ" ಎಂದು ಎತ್ತೋರೆ ಕೂಗಿದ.

"ಸಾಲಲ್ಲ. ಹಸಿದಿದಾಳೆ."

ಲೂಯೆಲಾಳ ಗ್ಲಾಸು ಗಾಳಿಯಲ್ಲೇ ನಿಂತಿತು. ಮೆಲ್ಲಗೆ, ನಿಮ್ಮ ತಾಯಿಯವರು ಇಲ್ಲೇ ಇದ್ದಾರೆಯೇ ಎಂದು ಕೇಳಿದಳು. ಎತ್ತೋರೆಗೆ ಕಿವಿ ಸ್ವಲ್ಪ ಮಂದ. ತಾಯಿ ಎಂಬ ಮಾತೊಂದೇ ಕೇಳಿಸಿ ಅವನ ಮುಖ ಅರಳಿತು. "ನಮ್ಮಜ್ಜನ ಕಾಲದೋಳು. ಊರು ಬಿಟ್ಟು ಹಡಗು ಹತ್ತಿದಾಗ ಜಾಡಿಯೊಳಗೆ ಕೂರಿಸ್ಕೊಂಡು ತಂದ" ಎಂದ. ಬೆಳಕು ಅವಳಿಗಾಗದು, ಅದಕ್ಕೇ ಲಾಯದ ಕತ್ತಲಲ್ಲಿ ಇಟ್ಟಿದ್ದೇವೆ, ವೈನಿನ ಬ್ಯಾರೆಲ್ಲುಗಳ ಹತ್ತಿರ ಮಾತ್ರ ಬಿಡುವುದಿಲ್ಲ, ಅವಳ ಸೋಂಕು ತಾಗಿದರೆ ವರ್ಷದ ವೈನೆಲ್ಲ ಹಾಳು ಎಂದು ತಾನಾಗಿಯೇ ವಿವರಿಸಿದ.

"ಈಗೀಗ ತುಂಬಾ ದಪ್ಪ ಆಗಿದಾಳೆ. ಹೋದ ವಾರ ಪಕ್ಕದ ತೋಟದೋರಿಗೆ ಒಂದು ತುಂಡು ಕೊಯ್ದು ಕೊಟ್ಟೆ."

ಹೀಗೆಂದು ಮುದುಕ ಬ್ರೆಡ್ಡು ತರಲು ಒಳಗೆ ಹೋದ.  ಎಲ್ಲ ಬಲ್ಲ ರಸ್ಟಿ ಕೂಡ ಬಿಳಿಚಿಕೊಂಡಿದ್ದ. ಬೆಳಿಗ್ಗೆ ಕೇಳದೆ ಬಂದವರು ಯಾರೆಂಬ ಲೆಕ್ಕ ಶುರುವಾಗಿ, ಎಲ್ಲರ ಕಣ್ಣೂ ವೆಂಡಲ್ ಮೇಲೆ ಬಂದು ನಿಂತಿತು.

ಅದು ತನ್ನದೇ ಸುಳ್ಳೆಂದು ವೆಂಡಲ್‌ನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ, ಅದು ಆಗಲೇ ವ್ಯಾನಿನತ್ತ ಹೊರಟಿತ್ತು. ವ್ಯಾನು ಹತ್ತೋಣ ಎಂದ. ಲೂಯೆಲಾ ಶಾಲೆಯ ಧ್ವನಿ ತೆಗೆದಳು.

"ಅವಳನ್ನ ಕರ್ಕೊಂಡು ನಾವು ಹೋಟೆಲಿಗೆ ಹೋಗ್ಬೇಕಾ? ತಪ್ಪು ನಿಂದು. ಒಳಗೆ ಹೋಗಿ ಕೇಳ್ಕೊಂಡು ಬಾ. ಇಲ್ಲಾಂದ್ರೆ ನಿನ್ನ ಬಗ್ಗೆ ಏನು ಬರೀಬೇಕೋ ನಂಗೆ ಗೊತ್ತು."

ಒಂದು ಕಡೆ ಬರ್ನೀಸ್, ಇನ್ನೊಂದು ಕಡೆ ತಾಯಿ. ಅತ್ತ ದರಿ, ಇತ್ತ ಪುಲಿ. ಗ್ಯಾರೇಜಿನ ಮೇಲಿನ ತನ್ನ ಹಾಸಿಗೆಯನ್ನು ನೆನೆದುಕೊಂಡು ವೆಂಡಲ್ ಲಾಯದ ಬಾಗಿಲು ತಳ್ಳಿದ.

ಒಳಗೆ ಹುಳಿ ವಾಸನೆ ಕಣ್ಣಿಗೆ ಹೊಡೆಯಿತು. ಸಂದಿಯಿಂದ ಬಂದ ಸ್ವಲ್ಪ ಬೆಳಕಿನಲ್ಲಿ ಪಿಯಾ ಒಂದು ಬ್ಯಾರೆಲ್ಲಿನ ಮೇಲೆ ಬಗ್ಗಿ, ತೊಟ್ಟಿಲು ತೂಗುವವಳಂತೆ ಏನೋ ಗುನುಗುತ್ತಿದ್ದಳು. ತಾಯಿಯನ್ನು ನೋಡಬೇಕಿತ್ತು ಎಂದು ವೆಂಡಲ್ ತೊದಲಿದ. ಅವಳಿಗೆ ಸಂತೋಷವಾಯಿತು. ಬ್ಯಾರೆಲ್ಲಿನ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಸರಿಸಿದಳು.

ಒಳಗೆ ಇದ್ದದ್ದು ಚರ್ಮ. ಮಾಸಲು ಬಿಳುಪಿನ, ಒದ್ದೆಯಾಗಿ ಹೊಳೆಯುವ, ಮುಖವಿಲ್ಲದ ಚರ್ಮ. ಪಿಯಾ ಅಂಚಿನಲ್ಲಿ ಬೆರಳಿಟ್ಟಳು. ಅದು ಮೆಲ್ಲಗೆ ನಡುಗಿತು.

"ಮುಟ್ಟಿ ನೋಡಿ. ಏನೂ ಮಾಡಲ್ಲ" ಎಂದು ಅವನ ಕೈ ಹಿಡಿದು ಅದರ ಮೇಲಿಟ್ಟಳು.

ವೆಂಡಲ್ "ಹೋಗ್ಲಾ, ತಾಯಿ?" ಎಂದು ಕಣಿವೆಗೆಲ್ಲ ಕೇಳುವಂತೆ ಕಿರುಚಿದ. ಉತ್ತರಕ್ಕೆ ಕಾಯಲಿಲ್ಲ. ಬಾಗಿಲಿನಿಂದ ಚಿಮ್ಮಿ, ಮೇಜಿಗೆ ಡಿಕ್ಕಿ ಹೊಡೆದು, ಉಗುಳಿನ ಬಕೆಟ್ಟನ್ನು ಮೈಮೇಲೆ ಕೆಡವಿಕೊಂಡು, ತಲೆಯಿಂದ ಕೆಂಪು ಸುರಿಸುತ್ತ ವ್ಯಾನು ಹತ್ತಿ ಹೊರಟೇಬಿಟ್ಟ. ಡಾಂಬರು ರಸ್ತೆ ಸಿಕ್ಕ ಮೇಲೆ, ಎಲ್ಲರೂ ಕ್ಷೇಮವೇ ಎಂದು ಕೇಳಲು ಹಿಂದೆ ತಿರುಗಿದರೆ ಸೀಟುಗಳೆಲ್ಲ ಖಾಲಿ.

ಜನರನ್ನು ತೋಟದಲ್ಲಿ ಬಿಟ್ಟು ಬಂದ ಗೈಡಿಗೆ ಎಷ್ಟು ನಕ್ಷತ್ರವೆಂದು ಯೋಚಿಸುತ್ತ ಅವನು ವ್ಯಾನು ತಿರುಗಿಸಿದ. ಅಂಗಳಕ್ಕೆ ಬಂದಾಗ ಅವರೆಲ್ಲ ದೀಪ ಹಚ್ಚಿಕೊಂಡು ಸೊಪ್ಪು, ಬ್ರೆಡ್ಡು ತಿನ್ನುತ್ತ ಹೊಟ್ಟೆ ಹಿಡಿದು ನಗುತ್ತಿದ್ದರು. ಪಿಯಾ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಮೊಸರಿಗೆ ಹೆಪ್ಪು ಹೇಗೋ, ವೈನನ್ನು ವಿನಿಗರ್ ಮಾಡಲು ತಾಯಿ ಹಾಗೆ. ಹಳೇ ವಿನಿಗರ್ ಮೇಲೆ ಕೆನೆಯಂತೆ ಕಟ್ಟುವ ಆ ಪದರಕ್ಕೆ ವೈನಿನವರೆಲ್ಲ ಕರೆಯುವುದೇ ತಾಯಿ ಎಂದು. ಸೊಪ್ಪಿನ ಮೇಲೆ ಸುರಿದಿದ್ದದ್ದು ಅವಳದೇ ವಿನಿಗರ್.

ಲೂಯೆಲಾ ಕಣ್ಣೊರೆಸಿಕೊಂಡು ಅವನ ಬೆನ್ನು ತಟ್ಟಿದಳು. "ಬೆಳಿಗ್ಗೆಯಿಂದ ಎಂಥಾ ನಾಟಕ ಕಟ್ಟಿದ್ಯಪ್ಪಾ. ಆ ಕಿರುಚಾಟ, ಆ ಕೆಂಪು ನೀರು. ಎಲ್ಲ ಮೊದ್ಲೇ ಇವರ ಜೊತೆ ಮಾತಾಡ್ಕೊಂಡಿದ್ದಾ?"

ವೆಂಡಲ್ ತಲೆಯ ಮೇಲಿನ ವೈನನ್ನು ಒರೆಸಿಕೊಂಡ. ಆಮೇಲೆ ಎರಡನೇ ಸುಳ್ಳು ಹೇಳಿದ. "ಹೌದು ಮೇಡಂ."

ಸೋಮವಾರ ಬರ್ನೀಸ್‌ಳ ಫೋನಿನ ತುಂಬ ನಕ್ಷತ್ರ. ನಿದ್ದೆಯ ಮಾತನ್ನು ಬರೆದವರೂ ಇದ್ದರು, ಆದರೆ ಮನೆಗೆ ಹೋದ ಮೇಲೂ ನಿದ್ದೆ ಬರಲಿಲ್ಲ ಎಂದು. ಬರ್ನೀಸ್ ಅವನನ್ನು ಕರೆದು ಜೀವಮಾನದಲ್ಲಿ ಮೊದಲ ಸಲ ಕಾಫಿ ಕೊಟ್ಟಳು. ಅವನು ಕುಡಿಯುವವನಲ್ಲ, ಆದರೂ ಕುಡಿದ. ಕೋಣೆ ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಅವಳು, ವ್ಯಾನಿನ ಕೀಲಿಕೈ ಇತ್ತ ಕೊಡು ಎಂದಳು.

"ಇಂಥಾ ನಟನ್ನ ಸ್ಟಿಯರಿಂಗ್ ಮುಂದೆ ಕೂರಿಸಿ ಹಾಳು ಮಾಡ್ತಿದ್ನಲ್ಲ. ಇನ್ಮೇಲೆ ವ್ಯಾನು ನಾನು ಓಡಿಸ್ತೀನಿ. ನೀನು ಆ ಪೊಟರೆಯೊಳಗೆ ಕೂತಿರು. ಜನ 'ಹೋಗ್ಲಾ, ತಾಯಿ?' ಅಂದಾಗ 'ಹೋಗಿ ಮಕ್ಕಳೇ' ಅನ್ನು. ಅಷ್ಟೇ ಕೆಲಸ."

ನಾಟಕವಲ್ಲ, ನಿಜವಾಗಿ ಹೆದರಿದ್ದೆ ಎಂದರೆ ಜನರನ್ನು ಬಿಟ್ಟು ಓಡಿದ್ದನ್ನೂ ಒಪ್ಪಿಕೊಳ್ಳಬೇಕು. ವೆಂಡಲ್ ಬಾಯಿ ಮುಚ್ಚಿಕೊಂಡ.

ಮುಂದಿನ ಶನಿವಾರ ಬರ್ನೀಸ್ ಅವನನ್ನು ಬೆಳಿಗ್ಗೆಯೇ ಕಾಡಿನಲ್ಲಿ ಇಳಿಸಿದಳು. ಪೊಟರೆಯೊಳಗೆ ಹಗಲಿನಲ್ಲೂ ಮಸಿಯಂಥ ಕತ್ತಲು. ಬೆನ್ನಿಗೆ ತಾಗುವ ಮರ ತಣ್ಣಗೆ, ಒದ್ದೆಯಾಗಿತ್ತು. ಲಾಯದಲ್ಲಿ ಕೈಗೆ ಹತ್ತಿದ್ದ ಆ ತಂಪೇ ನೆನಪಾಯಿತು. ಒಬ್ಬನೇ ಕೂತಾಗ ಅವನಿಗೆ ಒಂದು ವಿಷಯ ಹೊಳೆಯಿತು. ಅವತ್ತು ತಾನು ಕೇಳಿದ್ದು ವಿನಿಗರ್ ತಾಯಿಯನ್ನು. ಈ ತಾಯಿಯನ್ನು ಇನ್ನೂ ಕೇಳೇ ಇಲ್ಲ.

ಸ್ವಲ್ಪ ಹೊತ್ತಿಗೆ ಹೆಜ್ಜೆಗಳು ಬಂದವು. ಹೊರಗೆ ಬರ್ನೀಸ್ ಅವನ ಸುಳ್ಳನ್ನು ಅವನಿಗಿಂತ ಚೆನ್ನಾಗಿ ಹೇಳಿದಳು. ಜನ ಒಟ್ಟಾಗಿ, "ಹೋಗ್ಲಾ, ತಾಯಿ?" ಎಂದರು. ವೆಂಡಲ್ ಉಸಿರೆಳೆದುಕೊಂಡು ಬಾಯಿ ತೆರೆದ.

"ಹೋಗಿ ಮಕ್ಕಳೇ."

ಮುದಿ ಧ್ವನಿ. ಅವನ ಬೆನ್ನ ಹಿಂದಿನಿಂದ, ಬೇರಿನ ಬುಡದಿಂದ ಬಂತು. ವೆಂಡಲ್‌ನ ಬಾಯಿ ಇನ್ನೂ ತೆರೆದೇ ಇತ್ತು.

ಹೊರಗೆ ಚಪ್ಪಾಳೆಯೋ ಚಪ್ಪಾಳೆ. ಧ್ವನಿ ಸೊಗಸಾಗಿ ಬಂತು ಎಂದು ಬರ್ನೀಸ್ ಪೊಟರೆಯ ಕಡೆಗೆ ಪಿಸುಗುಟ್ಟಿ, ಜನರನ್ನು ಕರೆದುಕೊಂಡು ಹೋದಳು. ಹೆಜ್ಜೆಯ ಸದ್ದನ್ನು ಎಲೆಹಾಸು ನುಂಗಿತು. ದೂರದಲ್ಲಿ ವ್ಯಾನು ಹೊರಟಿತು.

"ತಾಯೀ" ಎಂದ ವೆಂಡಲ್, ಕತ್ತಲಿನತ್ತ ತಿರುಗದೆ. "ನಾನೂ ಹೋಗ್ಲಾ?"

ಕಾದ. ಉತ್ತರ ಬರಲಿಲ್ಲ.