ಗ್ರಹಣಕ್ಕೆ ಕೊಟ್ಟ ಫಿಲ್ಮು

"ನಿಮ್ಮ ಸೊಂಟದ ಮೂಳೆ ಸ್ವಲ್ಪ ಹೆಚ್ಚೇ ಬಿಳಿಯಾಗಿದೆ. ಹಳೆಯ ಎಕ್ಸ್‌ರೇಯಲ್ಲೂ ಹೀಗೇ ಇದ್ದರೆ ಚಿಂತೆಯಿಲ್ಲ. ಈಚೆಗೆ ಬೆಳ್ಳಗಾಗಿದ್ದರೆ ಮಜ್ಜೆಯ ರೋಗವಿರಬಹುದು" ಎಂದು ಖಾರಘರದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದಂದಿನಿಂದ ಜಯಶೀಲ ಗಳಿಗೆಗೊಮ್ಮೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದ. ಡೊಂಬಿವಲಿಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಅವನು ಸೂರ್ಯಗ್ರಹಣದ ದಿನ ರಜೆ ಹಾಕಿ, ಮೂರು ವರ್ಷ ಹಳೆಯ ಫಿಲ್ಮಿಗಾಗಿ ಕಪಾಟು ತೆರೆದ. ಲಕೋಟೆ ಖಾಲಿ.

ಹೆಂಡತಿ ನಳಿನಾಕ್ಷಿ ಎಂದಿನಂತೆ ಹಗಲಲ್ಲೇ ಮಲಗಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಅವಳಿಗೆ ಅವನು, ಎಲ್ಲ ಸ್ಟೇಷನ್ನಿಗೂ ನಿಲ್ಲುವ ಲೋಕಲ್ ರೈಲಿನಂತೆ, 'ಕಲ್ಯಾಣ್ ಸ್ಲೋ' ಎಂದು ಹೆಸರಿಟ್ಟಿದ್ದ. ಅಲುಗಾಡಿಸಿ ಕೇಳಿದ.

"ಫಿಲ್ಮಾ? ಗ್ರಹಣ ನೋಡ್ಲಿಕ್ಕೆ ಜಲಜಕ್ಕ ಕೇಳಿದ್ರು, ಕೊಟ್ಟೆ" ಎಂದು ಮಗ್ಗುಲು ಬದಲಿಸಿದಳು.

ಜಯಶೀಲ ಜನ ಗ್ರಹಣ ನೋಡುತ್ತಿದ್ದ ಟೆರೇಸಿಗೆ ಓಡಿದ. ಪಕ್ಕದ ಮನೆಯ ಜಲಜಾಕ್ಷಿ, ನಿನ್ನೆ ಸಂಕ್ರಾಂತಿಯ ಎಳ್ಳುಂಡೆ ಹಂಚಿದ ಕೈಯಿಂದಲೇ, ಫಿಲ್ಮನ್ನು ಏಳು ತುಂಡು ಮಾಡಿ ಬಿಲ್ಡಿಂಗಿಗೆಲ್ಲ ಹಂಚಿದ್ದಳು.

"ಜಲಜಕ್ಕ, ಅದು ನನ್ನ ಸೊಂಟ."

"ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ರೆ, ಗ್ರಹಣ ಬಿಡ್ಲಿ. ನಿಮ್ಮ ಹೆಂಡ್ತಿ ಗ್ರಹಣದಲ್ಲೂ ಮಲಗಿದ್ದಾಳಾ?"

ಸೊಸೈಟಿಯ ಸೆಕ್ರೆಟರಿ ಮುರಾರಿ ಕಣ್ಣುಜ್ಜುತ್ತ ತನ್ನ ತುಂಡನ್ನು ವಾಪಸು ಚಾಚಿದ. "ಎಂಥ ಮೂಳೆಯಾ ಇದು, ಸುಣ್ಣ ಬಳಿದ ಹಾಗೆ. ಸೂರ್ಯ ಸೀದಾ ಕಣ್ಣಿಗೆ ಹೊಡೀತಾನೆ."

ಜಯಶೀಲನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಮೂರು ವರ್ಷದ ಹಿಂದೆಯೂ ಬಿಳಿಯೇ! ಅಂದರೆ ನಾನು ಬದುಕಿದೆ.

ಕೈಕಾಲು ಹಿಡಿದು ಆರು ತುಂಡು ಸಂಪಾದಿಸಿದ. ಮೂಲೆಯಲ್ಲಿ ಹೆಸರು ಬರೆದಿದ್ದ ಏಳನೆಯದು ಗಾಳಿಗೆ ಹಾರಿ ರೈಲುಹಳಿಯ ಪಾಲಾಗಿತ್ತು. ಉಳಿದದ್ದನ್ನು ಟೇಪಿನಿಂದ ಅಂಟಿಸಿ, ಥಾಣೆಯಲ್ಲಿ ರೈಲು ಬದಲಿಸಿ, ಐದು ಗಂಟೆಗೆ ಖಾರಘರ ಮುಟ್ಟಿದ.

ಡಾಕ್ಟರಮ್ಮ ಅದನ್ನು ದೀಪದ ಹಲಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು.

"ನಿಮ್ಮ ರಕ್ತದ ರಿಪೋರ್ಟು ಬಂದಿದೆ, ನಿಮಗೇನೂ ಇಲ್ಲ" ಎಂದರು ಹಿಂದಿಯಲ್ಲಿ. "ಆದರೆ ಇದು ಹೆಂಗಸಿನ ಸೊಂಟ. ಇಷ್ಟು ಬಿಳಿ ಇರಬಾರದು. ಈಕೆಗೆ ಸುಸ್ತು, ಏದುಸಿರು ಇದೆಯೇ? ನಾಳೆಯೇ ಕರೆದುಕೊಂಡು ಬನ್ನಿ. ಆಗಲೇ ಮೂರು ವರ್ಷ ಹೋಗಿದೆ."

ಅವನು ಮನೆಗೆ ಬಂದಾಗ ನಳಿನಾಕ್ಷಿ ಎದ್ದು ಕೂತಿದ್ದಳು. ಹಾಸಿಗೆಯಡಿಯಿಂದ ಒಂದು ಫಿಲ್ಮು ತೆಗೆದು, ಸೆರಗಿನಿಂದ ಒರೆಸಿ, ಅವನ ಕೈಗಿತ್ತಳು.

"ನಿಮ್ಮದು ಇಲ್ಲೇ ಉಂಟು, ಲಕೋಟೆಯಿಂದ ತೆಗೆದಿಟ್ಟಿದ್ದೆ. ನಿಮ್ಮದನ್ನು ಕತ್ತರಿಸ್ಲಿಕ್ಕೆ ಕೊಡ್ತೇನಾ? ಕೊಟ್ಟದ್ದು ಅದೇ ವರ್ಷ ನಾನು ಲೋಕಲಿಂದ ಬಿದ್ದಾಗ ತೆಗೆದದ್ದು. ಏನೂ ಮುರಿದಿಲ್ಲ ಅಂದಿದ್ರಲ್ಲ, ಇನ್ನು ಅದು ಯಾಕೆ ಅಂತ ಕೊಟ್ಟೆ."